ಹದಿನೇಳು ವರ್ಷಕ್ಕೊಮ್ಮೆ ಬರುವ ಅತಿಥಿ ಮತ್ತು ಒಬ್ಬ ರೈತನ ದಿನಚರಿ

1749ರ ಬೇಸಿಗೆಯ ಆರಂಭ. ಆಗಿನ್ನೂ ಬ್ರಿಟಿಷರ ವಸಾಹತಾಗಿದ್ದ ಅಮೆರಿಕದ ಮೇರಿಲ್ಯಾಂಡ್ ಪ್ರಾಂತ. ಪಟಾಪ್ಸ್ಕೊ ನದಿಯ ಸಮೀಪ ನೂರು ಎಕರೆಯ ಒಂದು ತಂಬಾಕು ತೋಟ. ಹದಿನೇಳರ ಹರೆಯದ ಒಬ್ಬ ಹುಡುಗ ತೋಟಕ್ಕೆ ಬಂದು ನೋಡುತ್ತಾನೆ: ನೆಲದ ತುಂಬ ಬೆರಳು ತೂರುವಷ್ಟು ದೊಡ್ಡ ತೂತುಗಳು. ಸಾವಿರಾರು ಹುಳುಗಳು ಮರ, ಪೊದೆಗಳನ್ನು ಹತ್ತುತ್ತಿವೆ. ಹುಡುಗ ಹೆದರಿದ. ಇವು ಭೂಮಿಯ ಫಲವನ್ನೆಲ್ಲ ತಿಂದುಹಾಕುತ್ತವೆ, ಇನ್ನು ಕ್ಷಾಮ ಖಂಡಿತ ಎಂದುಕೊಂಡ. ಸಿಕ್ಕಿದ್ದನ್ನೆಲ್ಲ ಹೊಡೆದು ಕೊಲ್ಲತೊಡಗಿದ. ಆದರೆ ಕೊಂದಷ್ಟೂ ಬರುತ್ತಲೇ ಇದ್ದವು. ತನ್ನ ಶ್ರಮವೆಲ್ಲ ವ್ಯರ್ಥವೆಂದು ಅರಿವಾಗಿ ಕೈಚೆಲ್ಲಿದ.

ಆ ಹುಡುಗನ ಹೆಸರು ಬೆಂಜಮಿನ್ ಬ್ಯಾನೆಕರ್. ಕಪ್ಪು ಜನಾಂಗದವನು. ಆದರೆ ಗುಲಾಮನಲ್ಲ, ಸ್ವತಂತ್ರ. ಆ ಕಾಲದ ಮೇರಿಲ್ಯಾಂಡ್‌ನಲ್ಲಿ ಇದೊಂದು ಅಪರೂಪದ ಸಂಗತಿಯೇ ಸರಿ. ಮುಂದೆ ಐದು ದಶಕಗಳ ಕಾಲ ಆತ ಆ ಕೀಟಗಳನ್ನು ಮರೆಯಲಿಲ್ಲ. ಬಂದಾಗಲೆಲ್ಲ ನೋಡಿದ, ಲೆಕ್ಕವಿಟ್ಟ, ಬರೆದಿಟ್ಟ. ಆ ಬರಹ ಇಂದಿಗೂ ಉಳಿದಿದೆ. ಅದು ಉಳಿದದ್ದೇ ಒಂದು ಕಥೆ. ಕೀಟವೊಂದರ ಬದುಕಿನ ರಹಸ್ಯ ಮತ್ತು ಮನುಷ್ಯರು ಪರಸ್ಪರರ ಅರಿವಿಗೆ ಕೊಡುವ ಬೆಲೆ ಇವೆರಡೂ ಈ ಕಥೆಯಲ್ಲಿ ಹೆಣೆದುಕೊಂಡಿವೆ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಹೆಸರಿನ ಗೊಂದಲ

ಮೊದಲು ಈ ಕೀಟ ಯಾವುದೆಂದು ಗುರುತಿಸಿಕೊಳ್ಳೋಣ. ಇಂಗ್ಲಿಷಿನಲ್ಲಿ ಇದರ ಹೆಸರು ಸಿಕಾಡ. ನಮಗೂ ಇದು ಅಪರಿಚಿತವೇನಲ್ಲ. ಮಳೆಗಾಲಕ್ಕೆ ಮುನ್ನ ಮಲೆನಾಡಿನ ಘಟ್ಟದ ದಾರಿಯಲ್ಲಿ ಹೋದವರಿಗೆಲ್ಲ ಇದರ ಪರಿಚಯವಿದೆ. ಮರಗಳ ನಡುವಿನಿಂದ 'ಜೀರ್' ಎಂದು ಒಂದೇ ಸಮನೆ ಕೇಳಿಬಂದು, ಎಲ್ಲಿಂದ ಬರುತ್ತಿದೆ ಎಂದು ಹುಡುಕಹೊರಟರೆ ಥಟ್ಟನೆ ನಿಂತುಬಿಡುವ ಆ ಸದ್ದು ಇದರದ್ದೇ. ನಮ್ಮಲ್ಲಿ ಇದನ್ನು ಜೀರುಂಡೆ ಎನ್ನುವವರಿದ್ದಾರೆ. ಆದರೆ ಪಾಠದ ಪುಸ್ತಕಗಳು ಅದೇ ಪದವನ್ನು ಗಟ್ಟಿ ಕವಚದ ಬೇರೆಯೇ ಹುಳುಗಳಿಗೂ ಬಳಸುತ್ತವೆ. ಹಾಗಾಗಿ ಗೊಂದಲ ಬೇಡವೆಂದು ನಾವು ಇಲ್ಲಿ ಸಿಕಾಡ ಎಂದೇ ಕರೆಯುತ್ತೇವೆ.

ಹೆಸರಿನ ಇಂಥ ಗೊಂದಲ ಅಮೆರಿಕದಲ್ಲೂ ಆಯಿತು. ಅಲ್ಲಿ ಅದರ ಪರಿಣಾಮ ಇನ್ನೂ ದೊಡ್ಡದು. ಯುರೋಪಿನಿಂದ ಹೋಗಿ ಅಲ್ಲಿ ನೆಲೆಸಿದವರು ಇಂಥ ದೃಶ್ಯವನ್ನು ಹಿಂದೆಂದೂ ಕಂಡಿರಲಿಲ್ಲ. ಲೆಕ್ಕವಿಲ್ಲದಷ್ಟು ಕೀಟಗಳು ಒಮ್ಮೆಲೇ ಬಂದಾಗ ಅವರಿಗೆ ನೆನಪಾದದ್ದು ಧರ್ಮಗ್ರಂಥದ ಕಥೆ: ಫರೋಹನ ಈಜಿಪ್ಟಿನ ಮೇಲೆ ಎರಗಿದ ಮಿಡತೆಗಳ ದಂಡು. ಹಾಗಾಗಿ ಅವರು ಇದನ್ನು ಮಿಡತೆ ಎಂದೇ ಕರೆದರು. ಹೆಸರಿನ ಜೊತೆಗೇ ಭಯವೂ ಬಂತು. ವಾಸ್ತವದಲ್ಲಿ ಇವೆರಡಕ್ಕೂ ಸಂಬಂಧವಿಲ್ಲ. ಮಿಡತೆ ಎಲೆ, ತೆನೆಗಳನ್ನು ಅಗಿದು ತಿನ್ನುತ್ತದೆ. ಸಿಕಾಡಕ್ಕೆ ಅಗಿಯುವ ಬಾಯಿಯೇ ಇಲ್ಲ. ಅದಕ್ಕಿರುವುದು ಗಿಡದ ರಸ ಹೀರುವ ಕೊಳವೆ ಮಾತ್ರ. ಹುಡುಗ ಬ್ಯಾನೆಕರ್ ಕ್ಷಾಮಕ್ಕೆ ಹೆದರಿದ್ದು ಈ ತಪ್ಪು ಹೆಸರಿನ ನೆರಳಿನಲ್ಲಿಯೇ. ತಮಾಷೆಯೆಂದರೆ ಈ ತಪ್ಪು ಇಂದಿಗೂ ಅಳಿದಿಲ್ಲ. 1970ರಲ್ಲಿ ಗಾಯಕ ಬಾಬ್ ಡಿಲನ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೌರವ ಪದವಿ ಸ್ವೀಕರಿಸಲು ಹೋದಾಗ ಸುತ್ತಲೂ ಈ ಕೀಟಗಳ ಸದ್ದು ತುಂಬಿತ್ತು. ಆ ದಿನದ ಕುರಿತು ಆತ ರಚಿಸಿದ ಹಾಡಿನ ಶೀರ್ಷಿಕೆಯಲ್ಲಿಯೂ ಇರುವುದು ಮಿಡತೆಯೇ!

ವಲಸಿಗರ ದಾಖಲೆಗಳಲ್ಲಿ ಇವುಗಳ ಪ್ರಸ್ತಾಪ ಬಹಳ ಹಳೆಯದು. 1630ರ ದಶಕದಲ್ಲಿಯೇ ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರ್ಯಾಡ್‌ಫೋರ್ಡ್, ನೆಲದ ತೂತುಗಳಿಂದ ಹೊರಬಂದು ಕಾಡನ್ನೆಲ್ಲ ಸದ್ದಿನಿಂದ ತುಂಬಿದ ದೊಡ್ಡ ನೊಣಗಳ ಬಗ್ಗೆ ಬರೆದಿದ್ದರು. ಇವು ಬಂದ ಮೇಲೆ ರೋಗ ಬರುತ್ತದೆಂದು ಅಲ್ಲಿನ ಮೂಲನಿವಾಸಿಗಳು ಎಚ್ಚರಿಸಿದ್ದರಂತೆ. 1715ರಲ್ಲಿ ಫಿಲಡೆಲ್ಫಿಯಾದ ಸ್ವೀಡಿಷ್ ಪಾದ್ರಿ ಆಂಡ್ರಿಯಾಸ್ ಸ್ಯಾಂಡೆಲ್ ಕೂಡ ಇವುಗಳನ್ನು ಕಂಡು ದಾಖಲಿಸಿದರು. 1749ರಲ್ಲಿ, ಅಂದರೆ ಹುಡುಗ ಬ್ಯಾನೆಕರ್ ತನ್ನ ತೋಟದಲ್ಲಿ ಹುಳುಗಳನ್ನು ಹೊಡೆಯುತ್ತಿದ್ದ ಅದೇ ವರ್ಷ, ಸ್ವೀಡನ್ನಿನಿಂದ ಬಂದಿದ್ದ ನಿಸರ್ಗ ವಿಜ್ಞಾನಿ ಪೆಹ್ರ್ ಕಾಲ್ಮ್ ಪೆನ್ಸಿಲ್ವೇನಿಯಾದಲ್ಲಿ ಇವುಗಳನ್ನು ನೋಡಿದರು. ಹದಿನೇಳು ವರ್ಷಕ್ಕೊಮ್ಮೆ ಇವು ಬರುತ್ತವೆಂದು ಅಲ್ಲಿನ ಜನರಿಂದ ತಿಳಿದುಕೊಂಡರು. 1756ರಲ್ಲಿ ಅವರ ವರದಿ ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1758ರಲ್ಲಿ ಲಿನೇಯಸ್ ಈ ಕೀಟಕ್ಕೆ ಲ್ಯಾಟಿನ್ ಹೆಸರು ಕೊಟ್ಟರು: ಸೆಪ್ಟೆನ್‌ಡೆಸಿಮ್. ಅಂದರೆ ಹದಿನೇಳು.

ಒಂದೇ ಕೀಟ, ಒಂದೇ ವರ್ಷ, ಇಬ್ಬರು ನೋಡುಗರು. ಒಬ್ಬರ ಮಾತು ಏಳು ವರ್ಷಗಳಲ್ಲಿ ಯುರೋಪಿನ ವಿದ್ವಾಂಸರನ್ನು ತಲುಪಿತು. ಇನ್ನೊಬ್ಬರ ಮಾತು ದಿನಚರಿಯ ಪುಟಗಳಲ್ಲಿಯೇ ಉಳಿಯಿತು.

ಮರದ ಗಡಿಯಾರದ ಹುಡುಗ

ಬ್ಯಾನೆಕರ್ ಹುಟ್ಟಿದ್ದು 1731ರ ನವೆಂಬರ್‌ನಲ್ಲಿ. ತಂದೆ ರಾಬರ್ಟ್ ಗುಲಾಮಗಿರಿಯಿಂದ ಬಿಡುಗಡೆ ಪಡೆದವರು. ತಾಯಿ ಮೇರಿ. ಕುಟುಂಬದ ಮೌಖಿಕ ಪರಂಪರೆಯ ಪ್ರಕಾರ ತಾಯಿಯ ತಾಯಿ ಇಂಗ್ಲೆಂಡಿನಿಂದ ಜೀತದ ಕರಾರಿನ ಮೇಲೆ ಸಾಗಿಸಲ್ಪಟ್ಟ ಬಿಳಿಯ ಹೆಂಗಸು, ತಾಯಿಯ ತಂದೆ ಆಫ್ರಿಕದಿಂದ ಹಿಡಿದು ತರಲಾದ ಗುಲಾಮ. 1737ರಲ್ಲಿ ರಾಬರ್ಟ್ ಏಳು ಸಾವಿರ ಪೌಂಡ್ ತಂಬಾಕು ಕೊಟ್ಟು ನೂರು ಎಕರೆ ಜಮೀನು ಕೊಂಡರು. ಪತ್ರದಲ್ಲಿ ತನ್ನ ಹೆಸರಿನ ಜೊತೆಗೆ ಐದು ವರ್ಷದ ಮಗನ ಹೆಸರನ್ನೂ ಬರೆಸಿದರು. ಕಪ್ಪು ಮನುಷ್ಯನ ಸ್ವಾತಂತ್ರ್ಯಕ್ಕೆ ಯಾವ ಭದ್ರತೆಯೂ ಇಲ್ಲದ ಕಾಲದಲ್ಲಿ ಆ ತಂದೆಯ ಮುಂದಾಲೋಚನೆ ಎಂಥದ್ದೆಂದು ನಾವು ಊಹಿಸಬಹುದು.

ಹುಡುಗನಿಗೆ ಶಾಲೆಯ ಓದು ಸಿಕ್ಕಿದ್ದು ತೀರ ಕಡಿಮೆ. ಆದರೆ ಲೆಕ್ಕವೆಂದರೆ ಪ್ರಾಣ. ಇಪ್ಪತ್ತರ ಆಸುಪಾಸಿನಲ್ಲಿ ಆತ ಒಂದು ಗಡಿಯಾರ ಮಾಡಿದ. ಎರವಲು ಪಡೆದ ಒಂದು ಜೇಬುಗಡಿಯಾರವನ್ನು ಬಿಚ್ಚಿ ನೋಡಿ, ಅದರ ಚಕ್ರಗಳ ಲೆಕ್ಕ ಹಾಕಿ, ಮರದಲ್ಲಿ ದೊಡ್ಡ ಚಕ್ರಗಳನ್ನು ಕೆತ್ತಿ ಜೋಡಿಸಿದ ಗಡಿಯಾರವದು. ಅದು ಗಂಟೆ ಹೊಡೆಯುತ್ತಿತ್ತು. ದಶಕಗಳ ಕಾಲ ನಡೆಯಿತು. ದೂರದೂರದಿಂದ ಜನ ಅದನ್ನು ನೋಡಲು ಬರುತ್ತಿದ್ದರು.

ಹೀಗೆ ಸಮಯದ ಲೆಕ್ಕದಲ್ಲಿ ಮನಸ್ಸಿಟ್ಟವನಿಗೆ 1766ರಲ್ಲಿ ಆ ಹಳೆಯ ಅತಿಥಿಗಳು ಮತ್ತೆ ಎದುರಾದರು. ಈಗ ಬ್ಯಾನೆಕರ್ ಅವರಿಗೆ ಮೂವತ್ತನಾಲ್ಕು. ಈ ಬಾರಿ ಅವರು ಕೋಲು ಹಿಡಿಯಲಿಲ್ಲ. ಇವುಗಳಿಂದ ಬೆಳೆಗೆ ತಾನೆಣಿಸಿದಷ್ಟು ಹಾನಿಯಿಲ್ಲವೆಂದು ಆ ಹೊತ್ತಿಗೆ ಅವರು ಅರಿತಿದ್ದರು. ಸುಮ್ಮನೆ ನೋಡಿದರು. ಮೂರನೆಯ ಬಾರಿ 1783ರಲ್ಲಿ ಬಂದಾಗ ಅವರಿಗೆ ಐವತ್ತೊಂದು ವರ್ಷ. ಮೂರು ಬಾರಿಯೂ ನಡುವಿನ ಅಂತರ ಒಂದೇ. ಇವುಗಳ ಮರುಬರುವಿಕೆ ಹದಿನೇಳು ವರ್ಷಕ್ಕೊಮ್ಮೆ ಎಂದು ಧೈರ್ಯವಾಗಿ ಹೇಳಬಹುದೆಂದು ಅವರು ಬರೆದರು. ಧೂಮಕೇತುಗಳಂತೆ ಇವೂ ನಮ್ಮೊಂದಿಗೆ ಇರುವುದು ಸ್ವಲ್ಪ ಕಾಲ ಮಾತ್ರ ಎಂದೂ ಸೇರಿಸಿದರು. ಮತ್ತೆ 1800ರಲ್ಲಿ ಇವುಗಳನ್ನು ನಿರೀಕ್ಷಿಸಬಹುದೆಂದು ಸೂಚಿಸಿದರು.

ಅವರು ನೋಡಿದ್ದು ವರ್ಷಗಳ ಲೆಕ್ಕವನ್ನಷ್ಟೇ ಅಲ್ಲ. ಹೆಣ್ಣು ಕೀಟದ ಬಾಲದಲ್ಲಿ ಮುಳ್ಳಿನಷ್ಟು ಗಟ್ಟಿಯಾದ ಮೊನೆಯಿದೆ, ಅದರಿಂದ ಮರದ ಕೊಂಬೆಗಳನ್ನು ಕೊರೆದು ಮೊಟ್ಟೆಯಿಡುತ್ತದೆ, ಆ ಕೊಂಬೆ ಒಣಗಿ ಬೀಳುತ್ತದೆ, ಬಳಿಕ ಯಾವುದೋ ಗೂಢ ಕಾರಣದಿಂದ ಮೊಟ್ಟೆ ನೆಲದಾಳಕ್ಕೆ ಇಳಿದು ಹದಿನೇಳು ವರ್ಷ ಅಲ್ಲಿಯೇ ಉಳಿಯುತ್ತದೆ ಎಂದು ಅವರು ವಿವರಿಸಿದ್ದಾರೆ. ಇನ್ನೊಂದು ವಿವರ ನಮ್ಮನ್ನು ನಿಜಕ್ಕೂ ಬೆರಗಾಗಿಸುತ್ತದೆ. ಕೆಲವು ಕೀಟಗಳ ದೇಹದ ಹಿಂಭಾಗ ಕೊಳೆತು ಉದುರಿಹೋಗುತ್ತದೆ, ಆದರೂ ಅವುಗಳಿಗೆ ನೋವಾದಂತೆ ಕಾಣುವುದಿಲ್ಲ, ಸಾಯುವವರೆಗೂ ಅವು ಹಾಡುತ್ತಲೇ ಇರುತ್ತವೆ ಎಂದು ಬ್ಯಾನೆಕರ್ ಗಮನಿಸಿದ್ದರು. ಅವರು ಕಂಡದ್ದು ಒಂದು ಶಿಲೀಂಧ್ರದ ರೋಗವನ್ನು. ವಿಜ್ಞಾನ ಅದಕ್ಕೆ ಮ್ಯಾಸೊಸ್ಪೋರ ಎಂದು ಹೆಸರಿಟ್ಟದ್ದು 1879ರಲ್ಲಿ. ಆ ಶಿಲೀಂಧ್ರವು ಕೀಟದೊಳಗೆ ಉದ್ದೀಪಕ ರಾಸಾಯನಿಕವೊಂದನ್ನು ಉಂಟುಮಾಡುತ್ತದೆ ಎಂದು ಅಮೆರಿಕದ ಸಂಶೋಧಕರು ಪ್ರಕಟಿಸಿದ್ದು 2019ರಲ್ಲಿ. ದೇಹದ ಮೂರನೆಯ ಒಂದು ಭಾಗ ಕಳೆದುಕೊಂಡರೂ ಆ ಕೀಟ ಏಕೆ ಚಟುವಟಿಕೆಯಿಂದಿರುತ್ತದೆ ಎಂಬುದಕ್ಕೆ ಸಿಕ್ಕ ಸುಳಿವು ಇದು. ಭೂತಗನ್ನಡಿಯಿಲ್ಲದ, ಪ್ರಯೋಗಾಲಯವಿಲ್ಲದ ರೈತನೊಬ್ಬ ಅದನ್ನು ಅದಕ್ಕೂ ಎರಡು ಶತಮಾನ ಹಿಂದೆಯೇ ಕಣ್ಣಿಟ್ಟು ನೋಡಿದ್ದ.

ನೆಲದೊಳಗಿನ ಹದಿನೇಳು ವರ್ಷ

ಈಗ ನಮಗೆ ತಿಳಿದಿರುವ ಸಿಕಾಡದ ಜೀವನಚಕ್ರ ಹೀಗಿದೆ. ಹೆಣ್ಣು ಎಳೆಯ ಕೊಂಬೆಗಳನ್ನು ಸೀಳಿ ಒಟ್ಟು ಐದುನೂರರಷ್ಟು ಮೊಟ್ಟೆಗಳನ್ನಿಡುತ್ತದೆ. ಆರರಿಂದ ಹತ್ತು ವಾರಗಳಲ್ಲಿ ಮೊಟ್ಟೆಯೊಡೆದು ಇರುವೆಯಷ್ಟು ಸಣ್ಣ ಮರಿಗಳು ಹೊರಬರುತ್ತವೆ. ಬ್ಯಾನೆಕರ್ ಎಣಿಸಿದ್ದಂತೆ ಮೊಟ್ಟೆ ನೆಲಕ್ಕಿಳಿಯುವುದಿಲ್ಲ. ಮರಿಯೇ ಕೊಂಬೆಯಿಂದ ಕೆಳಗೆ ಬಿದ್ದು ಮಣ್ಣು ಕೊರೆದು ಒಳಹೋಗುತ್ತದೆ. ಅಲ್ಲಿ ಮರದ ಬೇರನ್ನು ಚುಚ್ಚಿ, ಬೇರಿನಿಂದ ಮೇಲೇರುವ ನೀರಿನಂಥ ರಸವನ್ನು ಹೀರುತ್ತ ಬದುಕುತ್ತದೆ. ಆ ರಸದಲ್ಲಿ ಪೋಷಕಾಂಶ ತೀರ ಕಡಿಮೆ. ಬೆಳವಣಿಗೆ ಅಷ್ಟು ನಿಧಾನವಾಗಲು ಇದೂ ಒಂದು ಕಾರಣ. ಕತ್ತಲಲ್ಲಿ ಐದು ಹಂತಗಳನ್ನು ದಾಟುತ್ತದೆ.

ಹದಿನೇಳನೆಯ ವಸಂತದಲ್ಲಿ ಮರಿಗಳು ನೆಲದ ಮೇಲ್ಪದರದವರೆಗೆ ಸುರಂಗ ತೋಡಿ ಕಾಯುತ್ತವೆ. ಸುಮಾರು ಇಪ್ಪತ್ತು ಸೆಂಟಿಮೀಟರ್ ಆಳದ ಮಣ್ಣಿನ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಹೆಚ್ಚಾಗಿ ಸಂಜೆಯ ಬಳಿಕ, ಲಕ್ಷಾಂತರ ಮರಿಗಳು ಒಟ್ಟಿಗೆ ಹೊರಬರುತ್ತವೆ. ಮರ ಹತ್ತಿ ಬೆನ್ನಿನ ಪೊರೆಯನ್ನು ಸೀಳಿ, ಬಿಳಿಯ ಮೆದು ದೇಹದೊಂದಿಗೆ ಈಚೆ ಬರುತ್ತವೆ. ಬೆಳಗಾಗುವಷ್ಟರಲ್ಲಿ ಮೈ ಕಪ್ಪಾಗಿ ಗಟ್ಟಿಯಾಗುತ್ತದೆ, ಕಣ್ಣು ಕೆಂಪಾಗಿ ಹೊಳೆಯುತ್ತದೆ. ಕೆಲವು ದಿನಗಳ ಬಳಿಕ ಗಂಡುಗಳ ಹಾಡು ಆರಂಭ. ಹೊಟ್ಟೆಯ ಎರಡು ಬದಿಗಳಲ್ಲಿರುವ ಪಕ್ಕೆಲುಬಿನಂಥ ಪೊರೆಗಳನ್ನು ಸ್ನಾಯುಗಳಿಂದ ಎಳೆದು ಬಿಟ್ಟು ಅವು ಸದ್ದು ಮಾಡುತ್ತವೆ. ಟೊಳ್ಳಾದ ಹೊಟ್ಟೆ ಅದನ್ನು ಹಿಗ್ಗಿಸುತ್ತದೆ. ಒಂದು ಮರದಲ್ಲಿ ಸಾವಿರಾರು ಗಂಡುಗಳು ಕೂಡಿ ಹಾಡಿದರೆ ಸದ್ದು 90 ಡೆಸಿಬಲ್ ದಾಟುತ್ತದೆ. ಹೆಣ್ಣು ರೆಕ್ಕೆಯನ್ನು ಚಟ್ಟೆಂದು ಆಡಿಸಿ ಉತ್ತರಿಸುತ್ತದೆ. ಕೂಡುವಿಕೆ, ಮೊಟ್ಟೆ, ಸಾವು ಎಲ್ಲವೂ ನಾಲ್ಕರಿಂದ ಆರು ವಾರಗಳಲ್ಲಿ ಮುಗಿಯುತ್ತದೆ. ಹದಿನೇಳು ವರ್ಷದ ಕತ್ತಲಿಗೆ ಒಂದು ತಿಂಗಳ ಬೆಳಕು.

ಜಗತ್ತಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಗೆಯ ಸಿಕಾಡಗಳಿವೆ. ಹೆಚ್ಚಿನವು ನೆಲದೊಳಗೆ ಕೆಲವು ವರ್ಷ ಕಳೆಯುತ್ತವೆಯಾದರೂ ಅವುಗಳ ತಲೆಮಾರುಗಳು ಒಂದರ ಮೇಲೊಂದು ಬರುವುದರಿಂದ ಪ್ರತಿ ವರ್ಷವೂ ಕೆಲವು ಹೊರಬರುತ್ತವೆ. ನಮ್ಮ ಘಟ್ಟದ ಕಾಡುಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಆ ಸದ್ದು ಕೇಳುವುದು ಇದೇ ಕಾರಣಕ್ಕೆ. ಎಲ್ಲವೂ ಒಂದೇ ವರ್ಷ ಒಟ್ಟಾಗಿ ಹೊರಬರುವ ಬಗೆಗಳು ಬೆರಳೆಣಿಕೆಯಷ್ಟೇ. ಉತ್ತರ ಅಮೆರಿಕದಲ್ಲಿ ಅಂಥವು ಏಳು: ಮೂರು ಹದಿನೇಳು ವರ್ಷದವು, ನಾಲ್ಕು ಹದಿಮೂರು ವರ್ಷದವು. ನಮ್ಮ ದೇಶಕ್ಕೂ ಈ ಸೋಜಿಗದಲ್ಲಿ ಒಂದು ಪಾಲಿದೆ. ಮೇಘಾಲಯದ ರಿ-ಭೋಯ್ ಜಿಲ್ಲೆಯ ಬಿದಿರು ಕಾಡುಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಒಟ್ಟಾಗಿ ಹೊರಬರುವ ಸಿಕಾಡವೊಂದಿದೆ. ಸ್ಥಳೀಯರು ಅದನ್ನು ನಿಯಾಂಗ್‌ತಾಸೆರ್ ಎನ್ನುತ್ತಾರೆ, ಹಿಡಿದು ತಿನ್ನುತ್ತಾರೆ. 2010, 2014, 2018 ಹೀಗೆ ಫುಟ್‌ಬಾಲ್ ವಿಶ್ವಕಪ್ ನಡೆಯುವ ವರ್ಷಗಳಲ್ಲಿಯೇ ಅದು ಬರುತ್ತದೆ. ವಿಜ್ಞಾನದ ದಾಖಲೆಯಲ್ಲಿ ಅದಕ್ಕೆ ಹೆಸರು ಸಿಕ್ಕಿದ್ದು 2013ರಲ್ಲಿ. ಆ ಊರಿನವರಿಗೆ ಅದು ಮೊದಲೇ ಗೊತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಏಕೆ ಹದಿನೇಳು?

ಇಷ್ಟೊಂದು ಕೀಟಗಳು ಒಮ್ಮೆಲೇ ಬರುವುದೇಕೆ? 1966ರಲ್ಲಿ ಮಾಂಟೆ ಲಾಯ್ಡ್ ಮತ್ತು ಹೆನ್ರಿ ಡಿಬಾಸ್ ಎಂಬ ಸಂಶೋಧಕರು ಇದಕ್ಕೊಂದು ವಿವರಣೆ ಕೊಟ್ಟರು. ಸಿಕಾಡಕ್ಕೆ ಕಚ್ಚುವ ಹಲ್ಲಿಲ್ಲ, ಓಡಿ ತಪ್ಪಿಸಿಕೊಳ್ಳುವ ಚುರುಕಿಲ್ಲ. ಹಕ್ಕಿ, ಅಳಿಲು, ಆಮೆ ಎಲ್ಲವೂ ಅದನ್ನು ತಿನ್ನುತ್ತವೆ. ಆದರೆ ಒಂದು ಎಕರೆಯಲ್ಲಿ ಹದಿನೈದು ಲಕ್ಷದವರೆಗೂ ಕೀಟಗಳು ಒಟ್ಟಿಗೆ ಬಂದರೆ ತಿನ್ನುವವರ ಹೊಟ್ಟೆ ತುಂಬಿ, ಇನ್ನು ಬೇಡವೆನಿಸಿಬಿಡುತ್ತದೆ. ಉಳಿದವು ಬದುಕಿಕೊಳ್ಳುತ್ತವೆ. ಸಂಖ್ಯೆಯೇ ಇವುಗಳ ರಕ್ಷಣೆ. ಹುಡುಗ ಬ್ಯಾನೆಕರ್ 1749ರಲ್ಲಿ ಹೊಡೆದು ಹೊಡೆದು ಸೋತನಲ್ಲವೇ? ಅದೇ ಸೋಲು ಹಕ್ಕಿಗಳದ್ದೂ.

ಹಾಗಿದ್ದರೆ ಹದಿಮೂರು ಮತ್ತು ಹದಿನೇಳೇ ಏಕೆ? ಇವೆರಡೂ ಅವಿಭಾಜ್ಯ ಸಂಖ್ಯೆಗಳು ಎಂಬುದು ಅನೇಕರ ಗಮನ ಸೆಳೆದಿದೆ. ಹನ್ನೆರಡು ವರ್ಷಕ್ಕೊಮ್ಮೆ ಬಂದರೆ ಎರಡು, ಮೂರು, ನಾಲ್ಕು, ಆರು ವರ್ಷಕ್ಕೊಮ್ಮೆ ಹೆಚ್ಚುವ ಶತ್ರುಗಳಿಗೆಲ್ಲ ಸಿಕ್ಕಿಬೀಳಬೇಕಾಗುತ್ತದೆ. ಹದಿನೇಳಾದರೆ ಆ ಅಪಾಯ ಕಡಿಮೆ ಎಂಬುದು ಒಂದು ವಾದ. ಲೆಕ್ಕ ಚೆನ್ನಾಗಿದೆ, ಆದರೆ ಅಂಥ ಕಾಲಚಕ್ರವುಳ್ಳ ಶತ್ರು ಇನ್ನೂ ಸಿಕ್ಕಿಲ್ಲ. 1997ರಲ್ಲಿ ಜಪಾನಿನ ಜಿನ್ ಯೋಷಿಮುರ ಇನ್ನೊಂದು ವಾದ ಮುಂದಿಟ್ಟರು. ಹಿಮಯುಗದ ಚಳಿಯಲ್ಲಿ ಬೆಳವಣಿಗೆ ನಿಧಾನವಾಗಿ ಆಯುಷ್ಯ ಉದ್ದವಾಯಿತು. ಬೇರೆ ಬೇರೆ ಚಕ್ರದವು ಕೂಡಿದರೆ ಮರಿಗಳ ಲೆಕ್ಕ ತಪ್ಪಿ, ಅವು ಒಂಟಿಯಾಗಿ ಹೊರಬಂದು ನಾಶವಾಗುತ್ತವೆ. ಹನ್ನೆರಡು ಮತ್ತು ಹದಿನೆಂಟು ವರ್ಷದವು ಮೂವತ್ತಾರು ವರ್ಷಕ್ಕೊಮ್ಮೆ ಸಂಧಿಸುತ್ತವೆ. ಹದಿಮೂರು ಮತ್ತು ಹದಿನೇಳು ವರ್ಷದವು ಸಂಧಿಸಲು 221 ವರ್ಷ ಬೇಕು. ಹೀಗಾಗಿ ಈ ಸಂಖ್ಯೆಗಳವು ಉಳಿದವು. ಚರ್ಚೆ ಇನ್ನೂ ಮುಗಿದಿಲ್ಲ.

ನೆಲದೊಳಗಿನ ಮರಿಗೆ ವರ್ಷ ಉರುಳಿದ್ದು ತಿಳಿಯುವುದಾದರೂ ಹೇಗೆ? ಇದಕ್ಕೆ ಕ್ಯಾಲಿಫೋರ್ನಿಯಾದ ವಿಜ್ಞಾನಿ ರಿಚರ್ಡ್ ಕಾರ್ಬನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸೊಗಸಾದ ಉತ್ತರ ಕೊಟ್ಟಿತು. ಹದಿನೈದು ವರ್ಷ ತುಂಬಿದ ಮರಿಗಳನ್ನು ಅವರು ಪೀಚ್ ಮರಗಳ ಬೇರಿಗೆ ಬಿಟ್ಟರು. ಆ ಮರಗಳು ಒಂದೇ ವರ್ಷದಲ್ಲಿ ಎರಡು ಬಾರಿ ಚಿಗುರಿ ಹೂಬಿಡುವಂತೆ ಮಾಡಿದರು. ಮರಿಗಳು ಒಂದು ವರ್ಷ ಮೊದಲೇ ಹೊರಬಂದವು! ಅಂದರೆ ಅವು ಎಣಿಸುವುದು ದಿನಗಳನ್ನಲ್ಲ, ಮರದ ಋತುಗಳನ್ನು. ವಸಂತದಲ್ಲಿ ಬೇರಿನ ರಸದಲ್ಲಿ ಆಗುವ ಬದಲಾವಣೆಯೇ ಅವುಗಳ ಪಂಚಾಂಗ. ಆದರೆ ಹದಿನೇಳರ ಎಣಿಕೆಯನ್ನು ಆ ಪುಟ್ಟ ದೇಹ ಎಲ್ಲಿ ಬರೆದಿಟ್ಟುಕೊಳ್ಳುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಎಣಿಕೆ ತಪ್ಪುವುದೂ ಉಂಟು. 2021ರಲ್ಲಿ ಬರಬೇಕಿದ್ದವುಗಳಲ್ಲಿ ಅನೇಕ ಕೀಟಗಳು ನಾಲ್ಕು ವರ್ಷ ಮೊದಲೇ, 2017ರಲ್ಲಿ ಹೊರಬಂದಿದ್ದವು.

ಹಸಿದವರ ನೆನಪು

ಒಂದೇ ಕೀಟವನ್ನು ಎಲ್ಲರೂ ಒಂದೇ ರೀತಿ ನೆನಪಿಟ್ಟುಕೊಂಡಿಲ್ಲ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಬಳಿ ಓನೊಂಡಾಗ ಎಂಬ ಮೂಲನಿವಾಸಿ ಜನರಿದ್ದಾರೆ. 1779ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದಾಗ, ಜಾರ್ಜ್ ವಾಷಿಂಗ್ಟನ್ನರ ಆದೇಶದಂತೆ ಬಂದ ಸೈನ್ಯ ಅವರ ಹಳ್ಳಿಗಳನ್ನು ಸುಟ್ಟಿತು, ದಾಸ್ತಾನು ಮತ್ತು ಬೆಳೆಯನ್ನು ನಾಶಮಾಡಿತು. ಜನ ಹಸಿವಿನಿಂದ ಸಾಯುವ ಸ್ಥಿತಿಗೆ ಬಂದರು. ಆಗ ನೆಲದಿಂದ ಎದ್ದುಬಂದ ಸಿಕಾಡಗಳನ್ನು ತಿಂದು ತಮ್ಮ ಹಿರಿಯರು ಜೀವ ಉಳಿಸಿಕೊಂಡರೆಂದು ಓನೊಂಡಾಗರು ಹೇಳುತ್ತ ಬಂದಿದ್ದಾರೆ. ಅವರ ನೆಲದಲ್ಲಿ 2018ರಲ್ಲಿ ಆ ಕೀಟಗಳು ಮತ್ತೆ ಬಂದಾಗ ಅವರು ಅವುಗಳನ್ನು ತಿಂದು ಆ ಹಿರಿಯರನ್ನು ನೆನೆದರು. ವಲಸಿಗರಿಗೆ ಶಾಪವೆನಿಸಿದ್ದು ಇವರಿಗೆ ಅನ್ನವಾಗಿತ್ತು. ಚರಿತ್ರೆಯ ಪುಸ್ತಕಗಳಲ್ಲಿ ಮೊದಲನೆಯದು ಬಹುಬೇಗ ದಾಖಲಾಯಿತು, ಎರಡನೆಯದಕ್ಕೆ ಬಹುಕಾಲ ಕಾಯಬೇಕಾಯಿತು.

ಒಂದು ಪತ್ರ, ಒಂದು ಬೆಂಕಿ

ಮತ್ತೆ ಬ್ಯಾನೆಕರ್ ಅವರ ಬಳಿಗೆ ಬರೋಣ. ನೆರೆಯ ಎಲಿಕಾಟ್ ಕುಟುಂಬ ಕ್ವೇಕರ್ ಪಂಥಕ್ಕೆ ಸೇರಿದ್ದು. 1780ರ ದಶಕದ ಕೊನೆಯಲ್ಲಿ ಜಾರ್ಜ್ ಎಲಿಕಾಟ್ ಎಂಬ ಯುವಕ ಅವರಿಗೆ ಖಗೋಳಶಾಸ್ತ್ರದ ಪುಸ್ತಕಗಳನ್ನೂ ದೂರದರ್ಶಕವನ್ನೂ ಎರವಲು ಕೊಟ್ಟರು. ಐವತ್ತೇಳರ ವಯಸ್ಸಿನ ರೈತ ಯಾರ ಪಾಠವೂ ಇಲ್ಲದೆ ಅವುಗಳನ್ನು ಓದಿ ಗ್ರಹಣಗಳ ಲೆಕ್ಕ ಹಾಕಲು ಕಲಿತರು. 1791ರಲ್ಲಿ ಹೊಸ ರಾಜಧಾನಿಯ ಗಡಿ ಅಳೆಯುವ ತಂಡದಲ್ಲಿ ಕೆಲವು ತಿಂಗಳು ದುಡಿದರು. ರಾಜಧಾನಿಯ ನಕ್ಷೆಯನ್ನೇ ಅವರು ನೆನಪಿನಿಂದ ಬರೆದರೆಂಬ ದಂತಕಥೆಗೆ ಆಧಾರವಿಲ್ಲ. ಅವರ ದೊಡ್ಡತನಕ್ಕೆ ಅಂಥ ಉತ್ಪ್ರೇಕ್ಷೆ ಬೇಕಾಗಿಯೂ ಇಲ್ಲ. 1792ರಿಂದ 1797ರವರೆಗೆ ಅವರ ಲೆಕ್ಕದ ಪಂಚಾಂಗಗಳು ಅಚ್ಚಾಗಿ ಹಲವು ನಗರಗಳಲ್ಲಿ ಮಾರಾಟವಾದವು.

1791ರ ಆಗಸ್ಟ್ 19ರಂದು ಅವರು ಪಂಚಾಂಗದ ಹಸ್ತಪ್ರತಿಯೊಂದಿಗೆ ಥಾಮಸ್ ಜೆಫರ್ಸನ್‌ಗೆ ಪತ್ರ ಬರೆದರು. ಜೆಫರ್ಸನ್ ಆಗ ವಿದೇಶಾಂಗ ಕಾರ್ಯದರ್ಶಿ. ಎಲ್ಲ ಮನುಷ್ಯರೂ ಸಮಾನರೆಂಬ 1776ರ ಘೋಷಣೆಯನ್ನು ಬರೆದವರು. ಅದೇ ಹೊತ್ತಿಗೆ ನೂರಾರು ಗುಲಾಮರ ಒಡೆಯರು. ಕಪ್ಪು ಜನರ ಬುದ್ಧಿ ಕೀಳು ಎಂದು ತಮ್ಮ ಪುಸ್ತಕದಲ್ಲಿ ಬರೆದವರೂ ಅವರೇ. ಬ್ಯಾನೆಕರ್ ವಿನಯದಿಂದಲೇ ಆ ವಿರೋಧಾಭಾಸವನ್ನು ಅವರ ಮುಂದಿಟ್ಟರು. ಸ್ವಾತಂತ್ರ್ಯವನ್ನು ದೇವರ ಕೊಡುಗೆಯೆಂದವರೇ ಮೋಸ ಮತ್ತು ಬಲಾತ್ಕಾರದಿಂದ ನನ್ನ ಸಹೋದರರನ್ನು ಸೆರೆಯಲ್ಲಿಟ್ಟಿರುವುದು ಎಂಥ ನ್ಯಾಯ ಎಂಬುದು ಅವರ ಪ್ರಶ್ನೆಯ ಸಾರ. ಜೆಫರ್ಸನ್ ಹನ್ನೊಂದು ದಿನಗಳಲ್ಲಿ ಸೌಜನ್ಯದ ಉತ್ತರ ಬರೆದರು. ಹಸ್ತಪ್ರತಿಯನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ ಕಾಂಡೋರ್ಸೆಗೆ ಕಳಿಸಿದ್ದಾಗಿ ತಿಳಿಸಿದರು. ಆದರೆ 1809ರಲ್ಲಿ, ಬ್ಯಾನೆಕರ್ ಸತ್ತ ಬಳಿಕ, ಗೆಳೆಯನಿಗೆ ಬರೆದ ಪತ್ರದಲ್ಲಿ ಆ ಮನುಷ್ಯನದು ತೀರ ಸಾಮಾನ್ಯ ಬುದ್ಧಿಯೆಂದು ಹಗುರವಾಗಿ ತಳ್ಳಿಹಾಕಿದರು. ಪುರಾವೆ ಕೈಯಲ್ಲಿದ್ದರೂ ಒಪ್ಪದ ಮನಸ್ಸಿಗೆ ಏನು ಮಾಡಲಾದೀತು?

1806ರ ಅಕ್ಟೋಬರ್‌ನಲ್ಲಿ ಬ್ಯಾನೆಕರ್ ನಿಧನರಾದರು. ಅವರು ಮೊದಲೇ ಸೂಚಿಸಿದ್ದಂತೆ ಪುಸ್ತಕಗಳನ್ನೂ ದಿನಚರಿಯನ್ನೂ ಸೋದರಳಿಯ ಕೂಡಲೇ ಜಾರ್ಜ್ ಎಲಿಕಾಟ್ ಮನೆಗೆ ತಲುಪಿಸಿದ. ಅಂತ್ಯಸಂಸ್ಕಾರದ ದಿನ ಅವರ ಮರದ ಮನೆಗೆ ಬೆಂಕಿ ಬಿತ್ತು. ಆ ಪ್ರಸಿದ್ಧ ಗಡಿಯಾರ ಸೇರಿದಂತೆ ಎಲ್ಲವೂ ಬೂದಿಯಾಯಿತು. ಎರವಲು ತಂದದ್ದನ್ನು ತಪ್ಪದೆ ಹಿಂದಿರುಗಿಸಬೇಕೆಂಬ ಪ್ರಾಮಾಣಿಕತೆಯೊಂದೇ ಆ ದಿನಚರಿಯನ್ನು ಉಳಿಸಿತು. ಸಿಕಾಡದ ಟಿಪ್ಪಣಿ ಇರುವುದು ಅದರಲ್ಲಿಯೇ. ಇಂದು ಅದು ಮೇರಿಲ್ಯಾಂಡ್‌ನ ಇತಿಹಾಸ ಸಂಸ್ಥೆಯ ಸಂಗ್ರಹದಲ್ಲಿದೆ. ಅದರ ಮೂಲ ಕೈಬರಹವನ್ನು ಮುಂದಿಟ್ಟು ಜಾನೆಟ್ ಬಾರ್ಬರ್ ಮತ್ತು ಅಸಾಮೋವಾ ನ್ಕ್ವಾಂಟ 2014ರಲ್ಲಿ ಒಂದು ಲೇಖನ ಪ್ರಕಟಿಸಿದರು. ಹದಿನೇಳು ವರ್ಷದ ಲೆಕ್ಕವನ್ನು ಮೊದಲು ಹೇಳಿದವರು ಬ್ಯಾನೆಕರ್ ಅಲ್ಲ ಎಂಬುದನ್ನು ನಾವು ಮೇಲೆಯೇ ನೋಡಿದ್ದೇವೆ. ಆದರೆ ಯಾರಿಂದಲೋ ಕೇಳಿ ಬರೆಯದೆ, ಒಂದೇ ನೆಲದಲ್ಲಿ ನಿಂತು ಮೂರು ತಲೆಮಾರುಗಳನ್ನು ಕಣ್ಣಾರೆ ಕಂಡು ಲೆಕ್ಕವಿಟ್ಟವರು ಆ ಕಾಲದಲ್ಲಿ ಎಷ್ಟು ಮಂದಿ? ಆ ಸಾಲಿನಲ್ಲಿ ಅವರ ಹೆಸರು ಎರಡು ಶತಮಾನಗಳ ಕಾಲ ಕಾಣಿಸಲಿಲ್ಲ ಎಂಬುದೇ ಇಲ್ಲಿನ ಪ್ರಶ್ನೆ.

ಮುಂದಿನ ಸರದಿ

ಹದಿನೇಳು ವರ್ಷದ ಕೀಟಗಳೆಲ್ಲವೂ ಒಂದೇ ವರ್ಷ ಬರುವುದಿಲ್ಲ. ಬೇರೆ ಬೇರೆ ಪ್ರದೇಶಗಳಿಗೆ ಬೇರೆ ಬೇರೆ ಸರದಿ. 1898ರಲ್ಲಿ ಚಾರ್ಲ್ಸ್ ಮಾರ್ಲಾಟ್ ಎಂಬ ಕೀಟತಜ್ಞರು ಈ ಸರದಿಗಳಿಗೆ ರೋಮನ್ ಅಂಕಿಗಳನ್ನು ಕೊಟ್ಟರು. ಬ್ಯಾನೆಕರ್ ಕಂಡದ್ದು ಹತ್ತನೆಯ ಸಂತಾನ. 2004ರಲ್ಲಿ, ಮತ್ತೆ 2021ರಲ್ಲಿ ಬಂದದ್ದು ಅದರ ವಂಶವೇ. 1749ರಿಂದ 2021ರವರೆಗೆ ಹದಿನಾರು ಚಕ್ರಗಳು. 2024ರಲ್ಲಿ ಹದಿಮೂರು ಮತ್ತು ಹದಿನೇಳು ವರ್ಷದ ಎರಡು ದೊಡ್ಡ ಸಂತಾನಗಳು ಒಟ್ಟಿಗೆ ಬಂದವು. ಅವು ಹಿಂದೆ ಹೀಗೆ ಸೇರಿದ್ದು 1803ರಲ್ಲಿ, ಅದೇ ಜೆಫರ್ಸನ್ ಅಧ್ಯಕ್ಷರಾಗಿದ್ದಾಗ.

ಆದರೆ ಎಲ್ಲ ಸಂತಾನಗಳೂ ಹಿಂದಿರುಗಿಲ್ಲ. ಇಪ್ಪತ್ತೊಂದನೆಯದು 1870ರ ಬಳಿಕ ಕಾಣಿಸಲಿಲ್ಲ. ಕನೆಕ್ಟಿಕಟ್ ಪ್ರದೇಶದ ಹನ್ನೊಂದನೆಯದು ಕೊನೆಯ ಬಾರಿ ಹಾಡಿದ್ದು 1954ರಲ್ಲಿ. ಈ ಕೀಟದ ಬದುಕು ಒಂದು ಮರದ ಮೇಲೆ ಇಟ್ಟ ನಂಬಿಕೆ. ಮರಿ ಬೇರಿಗೆ ಬಾಯಿಟ್ಟ ಬಳಿಕ ಮೇಲೆ ಮರವನ್ನು ಕಡಿದರೆ, ರಸ್ತೆ ಹಾಸಿದರೆ, ಕಾಂಕ್ರೀಟು ಸುರಿದರೆ ಅದಕ್ಕೆ ಬೇರೆ ದಾರಿಯಿಲ್ಲ. ನಮಗೆ ಅದು ತಿಳಿಯುವುದು ಹದಿನೇಳು ವರ್ಷಗಳ ಬಳಿಕ, ಸದ್ದು ಕೇಳಿಸದೇ ಹೋದಾಗ.

ಬ್ಯಾನೆಕರ್ ಅವರ ಕೀಟಗಳು ಮತ್ತೆ ಬರುವುದು 2038ರಲ್ಲಿ. 2021ರಲ್ಲಿ ಹುಟ್ಟಿದ ಮಕ್ಕಳಿಗೆ ಆಗ ಹದಿನೇಳು ವರ್ಷ ತುಂಬಿರುತ್ತದೆ, 1749ರ ಆ ಹುಡುಗನ ವಯಸ್ಸು. ಅವರಲ್ಲಿ ಯಾರಾದರೂ ಒಬ್ಬರು ಕೋಲು ಕೆಳಗಿಟ್ಟು ನೋಡತೊಡಗಬಹುದು. ಆ ಒಬ್ಬರು ಯಾವ ಬಣ್ಣದವರು, ಯಾವ ಕುಲದವರು ಎಂದು ಕೇಳದೆ, ಅವರು ಏನು ಕಂಡರು ಎಂದಷ್ಟೇ ಕೇಳುವ ಲೋಕ ಆ ಹೊತ್ತಿಗಾದರೂ ಬಂದಿರಲಿ ಎಂಬುದು ನಮ್ಮ ಹಾರೈಕೆ.